ಹೊಗೆಯಿಲ್ಲದ ಕೆಂಡ

ಗರುಡಾಚಾರ್‌ಪಾಳ್ಯದಲ್ಲಿ ಕಟ್ಟಿಸಿದ ಹೊಸ ಮನೆಯಲ್ಲಿ ಜಹನಾರಾಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇಸ್‌ಮೆಂಟು. ಅಲ್ಲಿ ನಾಲ್ಕು ಹೊಲಿಗೆ ಮೆಷಿನ್ ಹಾಕಿ ಮೂವರು ಹೆಂಗಸರಿಗೆ ಕೆಲಸ ಕೊಟ್ಟಳು. ಡಿಸೆಂಬರ್ ಬಂದದ್ದೇ ತಡ, ಆ ಕೋಣೆ ಕೊರೆಯತೊಡಗಿತು. ಬೆರಳು ಮರಗಟ್ಟಿ ಸೂಜಿಗೆ ದಾರ ಪೋಣಿಸುವುದೂ ಕಷ್ಟವಾಯಿತು.

ಗಂಡ ಕರೀಂ ಶಿವಾಜಿನಗರದಲ್ಲಿ ಕಬಾಬ್ ಅಂಗಡಿ ಇಟ್ಟವನು. "ಹೀಟರ್ ಯಾಕೆ? ಅಂಗಡಿಯಿಂದ ಒಂದು ಸಿಗಡಿ ಒಲೆ ತಂದಿಡ್ತೀನಿ. ಇದ್ದಿಲು ಬೇಕಾದಷ್ಟಿದೆ" ಎಂದ.

"ಹೊಗೆ ಆಗಲ್ವೇನ್ರೀ?"

"ಹೊರಗೆ ಹೊತ್ತಿಸು, ಕೆಂಡ ಕೆಂಪಗಾದ್ಮೇಲೆ ಒಳಗೆ ತಗೊಂಡು ಹೋಗು. ಇಪ್ಪತ್ತು ವರ್ಷದಿಂದ ಕೆಂಡದ ಮುಂದೆ ನಿಂತಿದ್ದೀನಿ, ನನಗೇನಾಗಿದೆ?"

ಮಾರನೆಯ ಬೆಳಿಗ್ಗೆ ಸಿಗಡಿ ಬಂತು. ಚಳಿಗಾಳಿ ಬರದಿರಲೆಂದು ಜಹನಾರಾ ಕಿಟಕಿ, ಬಾಗಿಲು ಎರಡನ್ನೂ ಮುಚ್ಚಿದಳು. ಕೋಣೆ ಬೆಚ್ಚಗಾಯಿತು, ಹೆಂಗಸರ ಮಾತು ನಗು ಜೋರಾಯಿತು. ಹನ್ನೊಂದರ ಹೊತ್ತಿಗೆ ಜಹನಾರಾಳ ತಲೆ ಸಿಡಿಯತೊಡಗಿತು. ಟೀ ಕುಡಿಯದ್ದಕ್ಕೆ ಇರಬೇಕು ಅಂದುಕೊಂಡಳು. ಅಷ್ಟರಲ್ಲಿ ಕಲಬುರಗಿ ಕಡೆಯ ಜಟ್ಟೆಮ್ಮ ಮೆಷಿನ್ ಮೇಲೆ ತಲೆಯಿಟ್ಟಳು.

"ತಲಿ ಭಾಳ ನೋಯ್ಲಿಕತ್ತದರೀ ಅಕ್ಕಾ. ವಾಂತಿ ಬಂದಂಗ ಆಗ್ತದ..." ಎನ್ನುತ್ತ ಏಳಲು ಹೋದವಳು ಅಲ್ಲೇ ಕುಸಿದಳು.

ಲಸಿಕೆಯ ವಿಷಯ ಹೇಳಲು ಬಂದಿದ್ದ ಆಶಾ ಕಾರ್ಯಕರ್ತೆ ಪ್ರಿಯದರ್ಶಿನಿ ಬಾಗಿಲು ತಳ್ಳಿದ್ದು ಆಗಲೇ. ಸಿಗಡಿ ಕಂಡದ್ದೇ ಕೂಗಿದಳು: "ಎಲ್ಲರೂ ಮೊದಲು ಆಚೆ ನಡೀರಿ! ಇವರನ್ನ ಎತ್ಕೊಳ್ಳಿ!"

ಜಟ್ಟೆಮ್ಮನನ್ನು ಬಯಲಿಗೆ ಹೊತ್ತು ತಂದು ೧೦೮ಕ್ಕೆ ಫೋನ್ ಮಾಡಿದರು. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟ ಮೇಲೆ, ಸಂಜೆಯ ಹೊತ್ತಿಗೆ ಅವಳು ಸರಿಯಾಗಿ ಕಣ್ಣು ಬಿಟ್ಟಳು. "ಬ್ಲೌಸ್ ಅರ್ಧಕ್ಕೇ ಬಿಟ್ಟೆನಲ್ರೀ ಅಕ್ಕಾ" ಎಂದಳು. ಜಹನಾರಾಗೆ ಅಳು ತಡೆಯಲಾಗಲಿಲ್ಲ.

ಓಡಿ ಬಂದಿದ್ದ ಕರೀಂಗೆ ಇನ್ನೂ ನಂಬಿಕೆಯಿಲ್ಲ. "ಒಂಚೂರೂ ಹೊಗೆ ಇರ್ಲಿಲ್ವಲ್ಲ ಮೇಡಂ?" ಎಂದು ಪ್ರಿಯದರ್ಶಿನಿಯನ್ನು ಕೇಳಿದ.

"ಅದೇ ಮೋಸ, ಕರೀಂ ಭಾಯ್. ಇದ್ದಿಲು ಉರಿದ್ರೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿಮ್ಮ ಅಂಗಡಿ ರಸ್ತೆಗೆ ತೆರೆದಿದೆ, ಬೇಸ್‌ಮೆಂಟಲ್ಲಿ ಅದು ಎಲ್ಲಿಗೆ ಹೋಗ್ಬೇಕು?"

"ಹಂಗಾದ್ರೆ ಗ್ಯಾಸ್ ಹೀಟರ್?"

"ಅದೂ ಉರಿಯೋದೇ ತಾನೆ? ಮುಚ್ಚಿದ ಕೋಣೆಗೆ ಬೇಡ."

"ಕಿಟಕಿ ಒಂದು ತೆಗೆದಿಟ್ರೆ?"

ಈಗ ಜಹನಾರಾ ಕಣ್ಣೊರೆಸಿಕೊಂಡು ಎದ್ದಳು. "ಚಳಿಯಾದ್ರೆ ಯಾರಾದ್ರೂ ಮುಚ್ಚೇ ಮುಚ್ತಾರೆ. ಇವತ್ತು ಮುಚ್ಚಿದ್ದು ನಾನೇ. ಇನ್ಮೇಲೆ ಆ ಕೋಣೆಯಲ್ಲಿ ಬೆಂಕಿ ಇಲ್ಲ. ಕರೆಂಟ್ ಹೀಟರ್ ಬರೋವರೆಗೂ ಮೆಷಿನ್ ಓಡಲ್ಲ."

"ಮದುವೆ ಆರ್ಡರ್ ಇದೆಯಲ್ಲೇ?"

"ಹೋದ್ರೆ ಹೋಗ್ಲಿ."

ಐದು ದಿನ ಬೇಸ್‌ಮೆಂಟಿಗೆ ಬೀಗ. ಇಬ್ಬರು ಗಿರಾಕಿಗಳು ಬಟ್ಟೆ ವಾಪಸ್ ಒಯ್ದರು. ಜಹನಾರಾ ಜಗ್ಗಲಿಲ್ಲ. ಎಲೆಕ್ಟ್ರಿಷಿಯನ್ ಮುನಿರಾಜು ಬಂದು ಕರೆಂಟಿನ ಆಯಿಲ್ ಹೀಟರಿಗೆಂದು ಅರ್ಥಿಂಗ್ ಇರುವ ಬೇರೆ ಲೈನ್ ಎಳೆದ. "ಎಕ್ಸ್‌ಟೆನ್ಷನ್ ಬಾಕ್ಸಿಗೆ ಮಾತ್ರ ಹಾಕ್ಬೇಡಿ ಅಕ್ಕ, ವೈರ್ ಸುಟ್ಟೋಗುತ್ತೆ. ಬಟ್ಟೆ ರಾಶಿಯಿಂದ ದೂರ ಇಡಿ, ಮೇಲೆ ಒಣಗಾಕ್ಬೇಡಿ" ಎಂದ. ಗೋಡೆಯ ಮೇಲ್ಗಡೆ ಎಕ್ಸಾಸ್ಟ್ ಫ್ಯಾನ್ ಕೂರಿಸಿದ.

ಸೋಮವಾರ ಜಟ್ಟೆಮ್ಮ ಕೆಲಸಕ್ಕೆ ಬಂದಳು. ಕರೀಂ ಮೆಟ್ಟಿಲ ಬಳಿಯೇ ಕಾದು ನಿಂತಿದ್ದ.

"ತಪ್ಪು ನಂದು ತಂಗಿ. ಗೊತ್ತಿದ್ದವನ ಥರ ಮಾತಾಡ್ಬಿಟ್ಟೆ."

"ನಮಗರೆ ಎಲ್ಲಿ ಗೊತ್ತಿತ್ರೀ ಅಣ್ಣಾ? ಈಗ ಗೊತ್ತಾತಲ್ಲ, ನಾಕು ಮಂದಿಗಿ ಹೇಳ್ರಿ" ಎಂದು ಅವಳು ಕೆಳಗಿಳಿದಳು.

ಆ ನಾಲ್ಕು ಮಂದಿಯಲ್ಲಿ ನೀವೂ ಒಬ್ಬರು. ಬೇಸ್‌ಮೆಂಟಾಗಲಿ, ಬಾಡಿಗೆ ರೂಮಾಗಲಿ, ಮುಚ್ಚಿದ ಕೋಣೆಯೊಳಗೆ ಚಳಿ ಕಾಯಿಸಲು ಕೆಂಡ ಇಡಬೇಡಿ. ಒಟ್ಟಿಗಿದ್ದವರಿಗೆಲ್ಲ ತಲೆನೋವು, ತಲೆಸುತ್ತು ಬಂದರೆ ಕಾರಣ ಹುಡುಕುತ್ತ ಕೂರಬೇಡಿ. ಆಚೆ ಬನ್ನಿ, ೧೦೮ಕ್ಕೆ ಕರೆ ಮಾಡಿ. ನಿಮ್ಮ ಮನೆಯಲ್ಲಿ ಸಿಗಡಿ ಒಳಗಿದ್ದರೆ, ಈ ಹಾಳೆ ಕೆಳಗಿಟ್ಟು ಈಗಲೇ ಅದನ್ನು ಹೊರಗಿಡಿ.