ಬೆಂಚಿನ ಕೆಳಗಿನ ಕಾಲು

ಹೈಸ್ಕೂಲಿನಲ್ಲಿ ನೃತ್ಯವೂ ಒಂದು ಪಾಠವಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಅಷ್ಟರಲ್ಲೇ ಲೆಕ್ಕದ ಮೇಷ್ಟ್ರ ಕಣ್ಣು ಕೆಂಪಾಗಿತ್ತು. ವಾರಕ್ಕೆ ಎರಡು ಪೀರಿಯಡ್ಡು ತಮ್ಮ ಕೈತಪ್ಪಿ ಕುಣಿತಕ್ಕೆ ಹೋಯಿತಲ್ಲ ಎಂಬ ಹೊಟ್ಟೆಯುರಿ. ಸ್ಟಾಫ್‌ರೂಮಿನಲ್ಲಿ ಡಾನ್ಸ್ ಮೇಡಂ ಕುರ್ಚಿ ಎಳೆದರೆ ಸಾಕು, "ಮೆತ್ತಗೆ, ನೆಲ ಕುಸಿದೀತು" ಎನ್ನುತ್ತಿದ್ದರು. ಮೇಡಂ ಕೂಡ ಬಾಯಿಗೆ ಬೀಗ ಹಾಕಿಕೊಳ್ಳುವವರಲ್ಲ. "ಕುಸಿದ್ರೆ ಮೊದಲು ನಿಮ್ಮ ಕುರ್ಚೀನೇ ಹೋಗ್ಲಿ ಸರ್" ಎನ್ನುತ್ತಿದ್ದರು.

ವರ್ಷದ ಕೊನೆಗೆ ಹೆಡ್‌ಮಿಸ್ಟ್ರೆಸ್ ಷರತ್ತು ಹಾಕಿದರು: ಪರೀಕ್ಷೆ ಇಲ್ಲದ ಪಾಠ ಮುಂದಿನ ವರ್ಷ ಇರುವುದಿಲ್ಲ. ಪರೀಕ್ಷೆಯೂ ಉಳಿದವುಗಳ ಹಾಗೆ ಬೆಂಚಿನ ಮೇಲೆ ಕೂತು ಬರೆಯುವುದೇ. ಪಾಠವೊಂದು ಉಳಿದರೆ ಸಾಕೆಂದು ಮೇಡಂ ಒಪ್ಪಿ ಪ್ರಶ್ನೆ ಬರೆದರು: ಕಲಿತ ಕುಣಿತದ ಹದಿನಾರು ಹೆಜ್ಜೆಗಳನ್ನು ಕ್ರಮವಾಗಿ ವಿವರಿಸಿ.

ಮೇಲ್ವಿಚಾರಣೆಗೆ ಬಂದವರು ಲೆಕ್ಕದ ಮೇಷ್ಟ್ರೇ. ಹತ್ತು ನಿಮಿಷ ಕಳೆಯುವುದರಲ್ಲಿ ಬೆಂಚಿನ ಕೆಳಗೆ ಟಕ್ ಟಕ್ ಸದ್ದು. ಒಂದು ಹಿಮ್ಮಡಿ, ಎರಡು ತುದಿಗಾಲು, ಒಂದು ಸಾಲು ಬರಹ, ಮತ್ತೆ ಹಿಮ್ಮಡಿ. ಮೇಷ್ಟ್ರು ಬಗ್ಗಿ ನೋಡಿದರು. ಮೂವತ್ತೊಂದು ಜೊತೆ ಕಾಲುಗಳು ಒಂದಕ್ಕೊಂದು ಸನ್ನೆ ಮಾಡಿಕೊಳ್ಳುತ್ತಿವೆ ಎಂದು ಅವರಿಗೆ ಖಾತ್ರಿಯಾಯಿತು. ಉತ್ತರಪತ್ರಿಕೆಗಳನ್ನೆಲ್ಲ ಕಿತ್ತುಕೊಂಡು, ನಕಲು ಮಾಡಿದವರ ಪಟ್ಟಿ ಬರೆದರು. ಮೊದಲ ಹೆಸರು ಸ್ವಂತ ತಂಗಿಯ ಮಗಳದ್ದು. "ಮಾವ, ನೆನಪು ಮಾಡ್ಕೊತಿದ್ದೆ ಅಷ್ಟೇ" ಎಂದು ಅವಳು ಅತ್ತರೂ ಹೆಸರು ಹೊಡೆದುಹಾಕಲಿಲ್ಲ.

ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ಡಾನ್ಸ್ ಮೇಡಂ ಕೆಂಡವಾದರು. "ಅದು ಸನ್ನೆ ಅಲ್ಲ. ಮಕ್ಕಳಿಗೆ ನೆನಪಿರೋದೇ ಕಾಲಲ್ಲಿ!"

"ಮತ್ತೆ ತಲೆ ಏನು, ಬಾಚ್ಕೊಳ್ಳೋಕಾ?" ಎಂದರು ಮೇಷ್ಟ್ರು.

"ನಾಳೆ ಇನ್ನೊಂದ್ಸಲ ಬರೀಲಿ. ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು," ಎಂದರು ಹೆಡ್‌ಮಿಸ್ಟ್ರೆಸ್.

"ಬರೀತಾರೆ ಬಿಡಿ, ಹಾಗೂ ಬರೀತಾರೆ!" ರೋಷದಲ್ಲಿ ಆಡಿದ ಆ ಒಂದು ಮಾತಿಗೆ ಮೇಡಂ ಆಮೇಲೆ ತಮ್ಮ ನಾಲಿಗೆಯನ್ನು ಎಷ್ಟು ಶಪಿಸಿಕೊಂಡರೋ.

ಮರುದಿನ ಹೆಡ್‌ಮಿಸ್ಟ್ರೆಸ್ ಮೇಜಿಗೆ ಬಂದ ಮೂವತ್ತೊಂದು ಹಾಳೆಗಳೂ ನಾಲ್ಕನೆಯದೋ ಐದನೆಯದೋ ಹೆಜ್ಜೆಗೆ ಬಂದು ನಿಂತಿದ್ದವು. ಮೇಷ್ಟ್ರ ಮುಖ ಮೊರದಗಲವಾಯಿತು. "ನಕಲಿಗೆ ದಾರಿ ಮುಚ್ಚಿದ ಕೂಡಲೇ ಬಣ್ಣ ಬಯಲಾಯ್ತು. ಒಪ್ಪಿಗೆ ಅಂತ ಸಹಿ ಹಾಕಿ. ಮೂವತ್ತೊಂದೂ ಫೇಲು, ಪಾಠ ರದ್ದು."

ಮೇಡಂ ಸಹಿ ಹಾಕಲಿಲ್ಲ. ಅಲ್ಲೇ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತಮ್ಮ ಪ್ರಶ್ನೆಗೆ ತಾವೇ ಉತ್ತರ ಬರೆಯತೊಡಗಿದರು. ಇಪ್ಪತ್ತು ವರ್ಷ ಕುಣಿದ ಮೈ. ಐದನೇ ಹೆಜ್ಜೆಗೆ ಪೆನ್ನು ನಿಂತೇಬಿಟ್ಟಿತು. ಮಕ್ಕಳಿಗೆ ನಾನೇ ಗುಂಡಿ ತೋಡಿದೆನಲ್ಲ ಎಂದುಕೊಂಡರು. ಆ ಹೊತ್ತಿಗೆ ಅವರಿಗೇ ತಿಳಿಯದ ಹಾಗೆ ಬಲಗಾಲು ಕೆಳಗಿಳಿದು ನೆಲ ಮುಟ್ಟಿತು. ಹಿಮ್ಮಡಿ, ತುದಿ, ತುದಿ. ಪೆನ್ನು ಓಡಿತು. ಹದಿನಾರೂ ಹೆಜ್ಜೆ ಹಾಳೆಯ ಮೇಲೆ ಬಂದವು.

"ನೋಡಿದ್ರಾ?" ಮೇಡಂ ಹಾಳೆ ಎತ್ತಿ ಹಿಡಿದರು.

"ನೋಡಿದೆ, ಕಾಲು ಅಲ್ಲಾಡ್ತು," ಎಂದರು ಮೇಷ್ಟ್ರು. ನಕಲಿನ ಪಟ್ಟಿಯನ್ನು ಹತ್ತಿರ ಎಳೆದುಕೊಂಡು ಮೂವತ್ತೆರಡನೆಯ ಹೆಸರು ಬರೆದರು. ಹೆಡ್‌ಮಿಸ್ಟ್ರೆಸ್ ಅದರ ಕೆಳಗೆ ಮೊಹರು ಒತ್ತಿದರು.