ತಾನಾಗಿ ಮುಚ್ಚುವ ಡಿಕ್ಕಿ

ನಮ್ಮ ಯಜಮಾನರು ಯೋಗೀಶ್‌ಗೆ ಕಾರಿನ ಡಿಕ್ಕಿ ಬಾಗಿಲನ್ನು ಕೈಯಲ್ಲಿ ಮುಚ್ಚುವುದೇ ಅವಮಾನ. ತೋಟದಲ್ಲಿ ಕಾಯಿಚೀಲ ಎತ್ತುವ ಕೈಗೆ ಆ ಬಾಗಿಲು ಭಾರವಂತೆ! ಕೊನೆಗೆ ತಿಪಟೂರಿನ ಮೆಕ್ಯಾನಿಕ್ ತಿಲಕ್ ಹತ್ತಿರ ಹೋಗಿ, ನಮ್ಮ ಹಳೇ ಕಾರಿಗೆ ಮೋಟಾರ್ ಕೂರಿಸಿಕೊಂಡು ಬಂದರು. ಕೈಯಲ್ಲಿನ ರಿಮೋಟಿನ ಗುಂಡಿ ಒತ್ತಿದರೆ ಬಾಗಿಲು ಕುಂಯ್‌ಗುಡುತ್ತಾ ತಾನೇ ಮೇಲೇಳುತ್ತದೆ, ಮತ್ತೆ ಒತ್ತಿದರೆ ತಾನೇ ಇಳಿದು ಮುಚ್ಚಿಕೊಳ್ಳುತ್ತದೆ.

ನಮ್ಮೂರು ಹಾಲ್ಕುರಿಕೆಯಲ್ಲಿ ಅದನ್ನು ನೋಡದೆ ಉಳಿದವರಿಲ್ಲ. ಇವರು ಬಾಗಿಲ ಸಂದಿಗೆ ಒಂದು ತೆಂಗಿನಕಾಯಿ ಇಟ್ಟು ಗುಂಡಿ ಒತ್ತುವುದು, ಬಾಗಿಲು ಇಳಿದು ಬಂದು ಕಾಯಿಗೆ ತಾಗಿದ ಕೂಡಲೇ ವಾಪಸ್ ಹೋಗುವುದು.

“ನೋಡ್ಲಾ ಕೆಂಚಪ್ಪ, ಏನೇ ಅಡ್ಡ ಸಿಗ್ಲಿ, ತಾನೇ ಮೇಲಕ್ಕೆ ಹೋಗ್ಬುಡ್ತದೆ. ಮಕ್ಕಳ ಕೈ ಇದ್ರೂ ಭಯ ಇಲ್ಲ ಕಣ್ಲಾ!” ಎಂದು ಪಕ್ಕದ ಮನೆಯವನಿಗೆ ಹೇಳಿದ್ದೇ ಹೇಳಿದ್ದು.

“ನಿಮ್ಮಪ್ಪ ಹೊಸ ಗಾಡಿ ಎತ್ತು ತಂದಾಗ್ಲೂ ಇಷ್ಟು ಮೆರೀಲಿಲ್ಲ ಬುಡು” ಎಂದರು ನಮ್ಮತ್ತೆ ವಿಮಲಮ್ಮ, ಜಗಲಿಯ ಮೇಲಿಂದಲೇ.

ಆ ಭಾನುವಾರ ನೊಣವಿನಕೆರೆಯಲ್ಲಿ ನಾದಿನಿಯ ಹೊಸಮನೆ ಪ್ರವೇಶ. ಕಾಯಿಚೀಲ ಡಿಕ್ಕಿಗೆ ಹಾಕಿಯಾಗಿತ್ತು. ಅತ್ತೆಗೆ ಒಂದು ಚಟ. ಮಗಳ ಮನೆಗೆ ಹೋಗುವ ಕಾಯನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದು ಕೇಳದೆ ಬಿಡುವವರಲ್ಲ. ಕೆಟ್ಟ ಕಾಯೊಂದು ಹೋಗಿಬಿಟ್ಟರೆ ತವರಿನ ಮಾನವೇ ಹೋದ ಹಾಗೆ ಅವರಿಗೆ. ಸೊಂಟ ಬಗ್ಗಿಸಿ ಡಿಕ್ಕಿಯೊಳಗೆ ತಲೆ ಹಾಕಿದರು. ಕೊರಳ ಶಿವದಾರದಲ್ಲಿದ್ದ, ಇಷ್ಟಲಿಂಗವಿಟ್ಟ ಬೆಳ್ಳಿ ಕರಡಿಗೆ ಸೆರಗಿನಿಂದ ಹೊರಬಿದ್ದು ಚೀಲದ ಹರಿದ ನಾರಿಗೆ ಸಿಕ್ಕಿಕೊಂಡಿದ್ದು ಯಾರಿಗೂ ಗೊತ್ತಾಗಲಿಲ್ಲ.

“ಹೊತ್ತಾಯ್ತು ಅವ್ವಾ!” ಎನ್ನುತ್ತಾ ಮುಂದಿನ ಸೀಟಿನಲ್ಲಿದ್ದ ಯಜಮಾನರು ಗುಂಡಿ ಒತ್ತಿದರು.

ಅತ್ತೆ ಬೆಚ್ಚಿ ತಲೆ ಹೊರಗೆಳೆದರು. ತಲೆ ಬಂತು, ಕರಡಿಗೆ ಬರಲಿಲ್ಲ. ಕಾಯಿ ತಾಗಿದರೆ ಹಿಂದೆ ಸರಿಯುತ್ತಿದ್ದ ಬಾಗಿಲಿಗೆ ದಾರ ಲೆಕ್ಕಕ್ಕೇ ಬರಲಿಲ್ಲ. ಟಕ್ಕೆಂದು ಕಚ್ಚಿಕೊಂಡಿತು. ಅತ್ತೆಯ ಕಾಲು ಜಾರಿ ಮೈಭಾರವೆಲ್ಲ ಕೊರಳಿಗೆ ಬಿತ್ತು.

ನಾನು ಸೊಂಟ ಹಿಡಿದೆತ್ತಲು ನೋಡಿದೆ, ಆಗಲಿಲ್ಲ. ಯಜಮಾನರು ಓಡಿ ಬಂದು ಗುಂಡಿ ಒತ್ತಿದರು, ಒತ್ತಿದರು. ಬೀಗಕ್ಕೆ ದಾರ ಸಿಕ್ಕಿ ಬಾಗಿಲು ಬರೀ ಕುಂಯ್‌ಗುಟ್ಟಿತು, ಮೇಲೇಳಲಿಲ್ಲ. ಬಾಳೆಲೆ ಕೊಯ್ದ ಕುಡುಗೋಲು ಜಗಲಿಯಲ್ಲಿತ್ತು. ಅತ್ತೆಯನ್ನು ಹಿಡಿದುಕೊಳ್ಳಲು ಅವರಿಗೆ ಹೇಳಿ, ಅದನ್ನು ತಂದೆ.

ಅತ್ತೆಯ ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಆದರೂ ಕುಡುಗೋಲು ಕಂಡ ಕೂಡಲೇ ನನ್ನ ಮಣಿಕಟ್ಟು ಹಿಡಿದರು. “ಬ್ಯಾಡ... ಶಿವದಾರ... ಮುಟ್ಬ್ಯಾಡ...”

ನಾನು ದಂಗಾಗಿಬಿಟ್ಟೆ. ಉಸಿರು ನಿಲ್ಲುತ್ತಿರುವವರು ಉಸಿರು ಉಳಿಸುವ ಕೈಯನ್ನೇ ಹಿಡಿದಿದ್ದಾರೆ!

“ಬೇಡ ಕಣೇ, ಅವ್ವ ಒಪ್ಪಲ್ಲ, ಕಾರೊಳಗಿಂದ ಬಿಡಿಸಕ್ಕೆ ಏನಾದ್ರೂ...” ಎಂದರು ಯಜಮಾನರು.

“ಒಪ್ಪಿಗೆ ಕೇಳ್ಕೊಂಡು ಕೂತ್ರೆ ಹೆಣ ಎತ್ಬೇಕಾಗುತ್ತೆ ಕಣ್ರೀ!”

ಅತ್ತೆಯ ಬೆರಳುಗಳನ್ನು ಕಿತ್ತು ಬಿಡಿಸಿಕೊಂಡು ದಾರ ಕೊಯ್ದೆ.

ಅತ್ತೆ ನೆಲಕ್ಕೆ ಬಿದ್ದು ಕೆಮ್ಮಿದರು. ಉಸಿರು ಬಂದದ್ದೇ ತಡ, ಕೈ ಎದೆ ತಡವಿತು. ಅಲ್ಲಿ ಏನೂ ಇರಲಿಲ್ಲ. ನೀರು ಹಿಡಿದರೆ ಬಾಯಿ ಬಿಗಿದುಕೊಂಡರು. “ಲಿಂಗ ಇಲ್ದೆ ನೀರೇನೇ?”

ಯಜಮಾನರು ಕಾರಿನ ಪಕ್ಕದ ಬಾಗಿಲಿನಿಂದ ನುಗ್ಗಿ, ಹಿಂದಿನ ಸೀಟು ದಾಟಿ ಕರಡಿಗೆ ಎತ್ತಿದರು. ಮುಚ್ಚಳ ಬಿಚ್ಚಿಕೊಂಡಿತ್ತು. ಒಳಗೆ ಲಿಂಗವಿಲ್ಲ! ಚೀಲವನ್ನೇ ಸುರಿದು ಒಂದೊಂದು ಕಾಯನ್ನೂ ಸರಿಸಿ ಹುಡುಕಿದರು. ನನಗೋ ಜೀವ ಉಳಿಸಿದ ಸಮಾಧಾನ ಒಂದು ಚೂರೂ ಇರಲಿಲ್ಲ. ಅದು ಸಿಗದಿದ್ದರೆ ಈಕೆ ಹನಿ ನೀರೂ ಮುಟ್ಟದೆ ನನ್ನ ಕಣ್ಣೆದುರೇ ಸಾಯುತ್ತಾರೆ ಎಂಬ ಭಯವೊಂದೇ.

“ಸಿಕ್ತು ಅವ್ವಾ!”

ಅತ್ತೆ ಲಿಂಗವನ್ನು ಹೆಬ್ಬೆರಳಿನಿಂದ ಸುತ್ತಲೂ ಸವರಿ, ಎಲ್ಲೂ ಮುಕ್ಕಾಗಿಲ್ಲವೆಂದು ನೋಡಿ, ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ಆಮೇಲೆ ನೀರು ಕುಡಿದರು. ದೇವರ ಗೂಡಿನಿಂದ ಹೊಸ ಶಿವದಾರ ತರಿಸಿ, ಕರಡಿಗೆ ಪೋಣಿಸಿ, ನನ್ನ ಕಡೆ ಬೆನ್ನು ಮಾಡಿ ಕೂತರು.

“ಕೊಯ್ದೋಳೇ ಕಟ್ಟು.”

ಕೊರಳ ಸುತ್ತ ದಾರ ಕೂತ ಗುರುತು ಕೆಂಪಗೆ ಬಾತಿತ್ತು. ಕಿವಿಯ ಕೆಳಗೆ ಕುಡುಗೋಲಿನ ಗೀರು, ಅದರಲ್ಲೊಂದು ಹನಿ ರಕ್ತ.

“ಅತ್ತೆ, ತಾಗ್ಬಿಟ್ಟಿದೆ...”

“ಗೊತ್ತು.” ಸೆರಗಿನ ತುದಿಯಿಂದ ಒರೆಸಿಕೊಂಡರು. “ಒಂದ್ ಮಾತು ದಾನೇಶ್ವರಿ. ಹಿಂಗೆ ನಿನ್ ಕೊರಳು ಸಿಕ್ಕಿದ್ರೆ ನಾನು ದಾರ ಕೊಯ್ತಿರ್ಲಿಲ್ಲ ಕಣೇ. ನಂಗೆ ಕೈ ಬತ್ತಿರ್ಲಿಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಮ್ಮತ್ತೆ ಸುಳ್ಳು ಹೇಳುವವರಲ್ಲ. ಅವರ ಬೆನ್ನ ಹಿಂದೆ ಕೂತಿದ್ದ ನನ್ನ ಕೊರಳಲ್ಲೂ ಅಂಥದೇ ದಾರವಿತ್ತು. ಎಷ್ಟು ಸಲ ಹಾಕಿದರೂ ಅವರ ದಾರದ ಗಂಟು ಕೂರಲಿಲ್ಲ.