ಹೊಟ್ಟೆಗೆ ಹೋದ ಚಿನ್ನದ ಬಿಲ್ಲೆ

"ನಿಂಗಕ್ಕೆಲ್ಲ ರೂಢಿ ಇರ್ತಲೇ ತಿಮ್ಮಿ. ನಂಗಕ್ಕೆ ನೋಡಿದ್ರೇ ವಾಂತಿ ಬತ್ತು."

ರಾಜೀವಮ್ಮ ಹೀಗೆಂದದ್ದು ಗುಟ್ಟಾಗೇನೂ ಅಲ್ಲ. ಶಿರಸಿ ಪೇಟೆಯ ಹಲ್ಲಿನ ದವಾಖಾನೆಯಲ್ಲಿ, ಕಾಯುತ್ತ ಕೂತ ಅಷ್ಟೂ ಜನರ ಎದುರಿಗೆ, ಪ್ರಸಾದ ಹಂಚಿದಷ್ಟು ಧಾರಾಳವಾಗಿ. ನೆಲ ಒರೆಸುತ್ತಿದ್ದ ತಿಮ್ಮಿ ಬಗ್ಗಿದಲ್ಲೇ ನಿಂತಳು. ಯಾವುದರ ರೂಢಿ ಎಂದು ಕೇಳಬೇಕಾಗಿರಲಿಲ್ಲ. ಡಾಕ್ಟರ ಕೋಣೆಯೊಳಗೆ ಅಷ್ಟು ಹೊತ್ತಿಂದ ನಡೆದ ಮಾತು ಹೊರಗಿನವರಿಗೆಲ್ಲ ಬಾಯಿಪಾಠ ಆಗಿತ್ತು.

ಆದದ್ದು ಇಷ್ಟು. ರಾಜೀವಮ್ಮನ ಮಗಳು ಅಭಿಜ್ಞಾಗೆ ಮುಂದಿನ ಹಲ್ಲು ಉಬ್ಬು. ಡಾಕ್ಟರ್ ಕಿಶೋರ ಮೊದಲು ಉಕ್ಕಿನ ಕ್ಲಿಪ್ಪು ಕೂರಿಸಿದರು. ಉಕ್ಕಿನೊಳಗಿನ ನಿಕಲ್ಲು ಹುಡುಗಿಗೆ ಆಗಿಬರಲಿಲ್ಲ. ವಸಡು ಬಾತು, ತುಟಿ ತುರಿಸಿ, ಗೋಳೋ ಎಂದು ಅತ್ತಳು. ಆಗ ಡಾಕ್ಟರು ಚಿನ್ನದ ಲೇಪದ ಕ್ಲಿಪ್ಪು ತರಿಸಿದರು. ಒಳಗೆ ಅದೇ ಉಕ್ಕು. ಮೇಲೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಚಿನ್ನ, ಎಂಜಲು ಉಕ್ಕಿಗೆ ತಾಗದಿರಲಿ ಅಂತ.

ಚಿನ್ನ ಎಂಬ ಮಾತು ಕಿವಿಗೆ ಬಿದ್ದದ್ದೇ ರಾಜೀವಮ್ಮ ಪಂಚಾಂಗ ತೆಗೆದರು. ಅಕ್ಷಯ ತೃತೀಯದ ದಿನ ಕ್ಲಿಪ್ಪಿನ ಡಬ್ಬಿಯನ್ನು ಮನೆಗೊಯ್ದು ದೇವರ ಮುಂದಿಟ್ಟು, ಭಟ್ಟರಿಂದ ಲಕ್ಷ್ಮೀಪೂಜೆ ಮಾಡಿಸಿ, ಕ್ಲಿಪ್ಪಿಗೆ ಕುಂಕುಮ ಹಚ್ಚಿಯೇ ದವಾಖಾನೆಗೆ ತಂದರು. ಆ ಕುಂಕುಮ ಒರೆಸಿ ತೆಗೆಯುವಾಗ ಡಾಕ್ಟರಿಗೆ ನಗು ತಡೆಯದೆ ಕೆಮ್ಮಬೇಕಾಯಿತು. ಅದೆಲ್ಲ ಸರಿಯೇ. ಮೊನ್ನೆ ಹುಡುಗಿ, ಗಟ್ಟಿ ತಿನ್ನಬೇಡ ಎಂದು ಬಡಕೊಂಡರೂ ಕೇಳದೆ ಹಲಸಿನ ಹಪ್ಪಳ ಕಡಿದಳು. ಹಲ್ಲಿಗೆ ಅಂಟಿಸಿದ್ದ ಕ್ಲಿಪ್ಪಿನ ಒಂದು ಬಿಲ್ಲೆ ಕಿತ್ತುಬಂದು, ಹಪ್ಪಳದ ಜೊತೆ ಹೊಟ್ಟೆಗಿಳಿಯಿತು.

"ಏನೂ ಆಗೂದಿಲ್ಲ, ತನ್ನಷ್ಟಕ್ಕೇ ಹೊರಗೆ ಬರ್ತದೆ. ಬೇರೆ ಬಿಲ್ಲೆ ನಾನೇ ಹಾಕಿಕೊಡ್ತೇನೆ," ಅಂದರು ಡಾಕ್ಟರು.

ಎಲ್ಲಿ ಕೇಳುತ್ತಾರೆ! ಪೂಜೆ ಮಾಡಿಸಿಕೊಂಡ ಲಕ್ಷ್ಮಿ ಅದು. ಹುಡುಗಿಯ ನಿಶ್ಚಿತಾರ್ಥ ಬೇರೆ ಎದುರಿಗಿದೆ. ಚಿನ್ನ ಕಳೆದ ಮನೆಗೆ ಮೊದಲೇ ಒಳ್ಳೆಯದಲ್ಲ, ಪಾಯಖಾನೆಗೆ ಹೋದರಂತೂ ಏಳು ತಲೆಮಾರಿಗೆ ದರಿದ್ರ ಎಂದು ಭಟ್ಟರ ಅಪ್ಪಣೆಯಾಗಿದೆ. ಹಾಗಾಗಿ ಬಿಲ್ಲೆ ಸಿಗಲೇಬೇಕು. ಸಿಗಬೇಕಾದರೆ ಯಾರಾದರೂ ಹುಡುಕಬೇಕು. ಹುಡುಕುವವರು ಮಾತ್ರ ಮನೆಯವರಾಗಬಾರದು.

"ಅಮ್ಮಾ, ನಾ ಇಲ್ಲಿ ಕಸ ಗುಡ್ಸೂಕೆ ಬಂದೋಳು," ಅಂದಳು ತಿಮ್ಮಿ. "ಹೇಲು ಕೆದ್ರೂಕಲ್ಲ."

"ಶ್ಶೀ! ಬಾಯಿ ನೋಡು ಇದರದ್ದು!" ರಾಜೀವಮ್ಮ ಸೆರಗನ್ನು ಮೂಗಿಗೆ ಹಿಡಿದರು. ಮಾತಿಗೇ ನಾತ ಬಂತೋ ಏನೋ.

ಡಾಕ್ಟರು ತಿಮ್ಮಿಯನ್ನು ಒಳಗೆ ಕರೆದರು. "ಹೋಗಿ ಬಾ ಮಾರಾಯ್ತಿ. ಸಿದ್ದಾಪುರ, ಯಲ್ಲಾಪುರದಿಂದ ಬರೂ ಪೇಷಂಟ್ರೆಲ್ಲ ಇವರ ನೆಂಟರೇ. ಇವರನ್ನ ಕಳಕೊಳ್ಳೂಕೆ ಆಗ್ತದಾ?"

"ನಾ ಹೋಗೂದಿಲ್ಲ ಅಂದ್ರೆ?"

"ನಾಳೆಯಿಂದ ಇಲ್ಲಿಗೂ ಬರೂದು ಬೇಡ."

ಸಿಟ್ಟು ಮಾಡಿ ಹೇಳಿದ್ದೂ ಅಲ್ಲ. ಬಳಸಿದ ಹತ್ತಿ ಬುಟ್ಟಿಗೆ ಹಾಕುತ್ತ ಹೇಳಿದರು.

ತಿಮ್ಮಿಯ ಅವ್ವ ಗಿರಿಜವ್ವ ಕೋಲಸಿರ್ಸಿ ಕಡೆಯ ದೊಡ್ಡಮನೆಯೊಂದರಲ್ಲಿ ಹಾಸಿಗೆ ಹಿಡಿದ ಯಜಮಾನರ ಹೇಲುಚ್ಚೆ ಬಳಿದೇ ಸವೆದವಳು. ಊಟಕ್ಕೆ ಕೂತಾಗ ಕೈ ಮೂಸಿ ನೋಡಿಕೊಂಡೇ ತುತ್ತೆತ್ತುತ್ತಿದ್ದಳು. ಆ ಬಾಳು ನನಗೆ ಬೇಡಪ್ಪಾ ಎಂದು ತಿಮ್ಮಿ ಶಿರಸಿಗೆ ಬಂದು ಈ ಕೆಲಸ ಹಿಡಿದದ್ದು. ಗಂಡ ಎಂಬೋನು ಇದ್ದೂ ಇಲ್ಲ. ಒಲೆ ಉರಿಯುವುದು ಇದೊಂದರಿಂದಲೇ. ಇದೂ ಹೋದರೆ ಮತ್ತೆ ದೊಡ್ಡಮನೆಯ ಹಿತ್ತಲೇ ಗತಿ. ಹೋದರೂ ಹೇಲು, ಬಿಟ್ಟರೂ ಹೇಲು.

"ಗ್ಲೌಸಾದ್ರೂ ಕೊಡಿ," ಅಂದಳು.

"ಅದು ಪೇಷಂಟಿನ ಬಾಯಿಗೆ ಕೈ ಹಾಕೂಕೆ."

ಉಕ್ಕಿಗೆ ಎಂಜಲು ತಾಗೀತು ಎಂದು ಚಿನ್ನದ ಅಂಗಿ ತೊಡಿಸಿದ ಮಹಾನುಭಾವ, ತಿಮ್ಮಿಯ ಕೈಗೊಂದು ರಬ್ಬರು ಕೊಡಲಿಲ್ಲ.

ರಾಜೀವಮ್ಮನ ಹೊಸ ಮನೆ ಪೇಟೆಯಲ್ಲೇ. ತಿಮ್ಮಿಯನ್ನು ಹಿತ್ತಿಲ ಕಡೆಯಿಂದ ಕರೆದು ಪಾಯಖಾನೆಯ ಬಾಗಿಲಿಗೆ ಬಿಟ್ಟರು. ಒಳಗೆ ಒಂದು ಹಳೇ ಪ್ಲಾಸ್ಟಿಕ್ ಬೇಸಿನ್ನು, ಅದರ ಮೇಲೆ ಬಾಳೆಎಲೆ ಮುಚ್ಚಿತ್ತು. ಲಕ್ಷ್ಮಿಗೆ ಮರ್ಯಾದೆ ಬೇಡವೇ? ಕೈಗೆ ಹಾಕಿಕೊಳ್ಳಲು ಹಾಲಿನ ಒಂದು ಖಾಲಿ ಪ್ಲಾಸ್ಟಿಕ್ ಕೊಟ್ಟೆ ಎಸೆದರು. ಅದರ ಮೂಲೆ ಹರಿದಿತ್ತು.

"ಆಯಿ, ಬ್ಯಾಡ್ದೇ... ಯಂಗೆ ನಾಚ್ಕೆ ಆಗ್ತು," ಅಭಿಜ್ಞಾ ಒಳಗಿನಿಂದ ಅಳುದನಿಯಲ್ಲಿ ಅಂದಳು.

"ನೀ ಸುಮ್ನಿರು ಕೂಸೇ. ಹೋಗಿ ಮುಖಕ್ಕೆ ಕಡ್ಲೆಹಿಟ್ಟು ಹಚ್ಕ್ಯ."

ತಿಮ್ಮಿ ಬಾಗಿಲು ಹಾಕಿಕೊಂಡಳು. ಉಸಿರು ಬಿಗಿಹಿಡಿದು ಕೂತಳು. "ನಿಮ್ ಮನಿ ಹಾಳಾಗ, ನಿಮ್ ಚಿನ್ನಕ್ಕೆ ಬೆಂಕಿ ಬೀಳ," ಎಂದು ಹಲ್ಲು ಕಚ್ಚಿ ಬೈಯುತ್ತಲೇ ಕೈ ಹಾಕಿದಳು. ಹರಿದ ಮೂಲೆಯಿಂದ ಎಲ್ಲ ಒಳಗೇ ಬಂತು. ಕಣ್ಣಲ್ಲಿ ನೀರು ಬಂತು. ಎರಡು ಸಲ ವಾಂತಿಯೂ ಬಂತು. ರೂಢಿ ಇರುತ್ತದಂತೆ! ಕಡೆಗೆ ಬೆರಳಿಗೆ ಗಟ್ಟಿ ಏನೋ ತಾಗಿತು. ತೊಗರಿಬೇಳೆಗಿಂತ ಸಣ್ಣದು. ನೀರು ಹಾಕಿ ನೋಡಿದರೆ, ಹಪ್ಪಳದ ಪೆಟ್ಟಿಗೆ ಒಂದು ಕಡೆಯ ಚಿನ್ನ ಎದ್ದುಹೋಗಿ ಒಳಗಿನ ಉಕ್ಕು ಹಲ್ಲು ಕಿರಿಯುತ್ತಿತ್ತು.

ಸಿಕ್ಕಿತು ಎಂದು ಕೂಗಬೇಕು ಅನ್ನುವಷ್ಟರಲ್ಲಿ ಹೊರಗಿನ ಮಾತು ಕಿವಿಗೆ ಬಿತ್ತು. ಭಟ್ಟರು ಬಂದಿದ್ದರು.

"ಭಟ್ರೇ, ಮತ್ತೆ ಕೂಸಿನ ಬಾಯಿಗೆ ಹಾಕವು ಅಂದ್ರೆ ಶುದ್ಧಿಗೆ ಎಂತ ಮಾಡವು?"

"ಕೂಸಿನ ಹೊಟ್ಟೆಲಿ ಇದ್ದಿದ್ದಕ್ಕೆ ಒಂದು ಚಮಚ ಗಂಗಾಜಲ ಸಾಕು. ನಮ್ಮ ಮನೆ ಕೂಸು, ಶುದ್ಧವೇಯ."

"ಅಷ್ಟೇ ಸಾಕನ?"

"ಅದಕ್ಕೆ ಅಷ್ಟೇ ಸಾಕು. ಆದ್ರೆ ತಿಮ್ಮಿ ಕೈ ತಾಗಿದ್ದಲೇ! ಅದಕ್ಕೆ ಪಂಚಗವ್ಯ ಆಗವು, ಸಣ್ಣದೊಂದು ಹೋಮವೂ ಆಗವು. ಇಲ್ದಿದ್ರೆ ಬಾಯಿಗೆ ಹಾಕಲೆ ಬತ್ತಿಲ್ಲೆ."

ತಿಮ್ಮಿಗೆ ಮೊದಲು ನಗು ಬಂತು. ಹೇಲಿನಲ್ಲಿ ಹೊರಳಾಡಿ ಬಂದದ್ದಕ್ಕೆ ಒಂದು ಚಮಚ ನೀರು. ತನ್ನ ಬೆರಳಿಗೆ ಸಗಣಿ, ಗಂಜಲ, ಬೆಂಕಿ! ಆಮೇಲೆ ಮೈಯೆಲ್ಲ ಉರಿದುಹೋಯಿತು. ನಾಳೆಯ ಒಲೆ ನೆನಪಾಯಿತು. ಕೆಲಸ ಹೋದರೆ ಹೋಗಲಿ.

"ಸಿಕ್ಕಿತನೇ?" ರಾಜೀವಮ್ಮ ಬಾಗಿಲು ಬಡಿದರು.

"ಸಿಕ್ತು ಅಮ್ಮಾ."

"ದೇವರು ದೊಡ್ಡವನು! ಹಾಲಿನ ಬಟ್ಟಲು ತಂದಿದ್ದೆ. ಮೇಲಿಂದ ಹಾಕು. ಬಟ್ಟಲು ಮುಟ್ಟಡ ಮತ್ತೆ!"

ತಿಮ್ಮಿ ಬಾಗಿಲು ಪೂರ್ತಿ ತೆರೆದಳು. ಬೆಳ್ಳಿ ಬಟ್ಟಲು ಹಿಡಿದ ರಾಜೀವಮ್ಮ, ಪಕ್ಕದಲ್ಲಿ ಕೈಮುಗಿದು ಮಂತ್ರ ಶುರುಮಾಡಿದ ಭಟ್ಟರು. ಇಬ್ಬರಿಗೂ ಕಾಣುವ ಹಾಗೆ ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದಳು. ಆಮೇಲೆ ಅದನ್ನು ಕಮೋಡಿಗೆ ಹಾಕಿ, ಬೇಸಿನ್ನನ್ನೂ ಅದರ ಮೇಲೇ ಬಗ್ಗಿಸಿ, ಫ್ಲಶ್ ಒತ್ತಿದಳು.

ಮಂತ್ರ ನಿಂತಿತು. ನೀರು ಮಾತ್ರ ಗುಳುಗುಳು ಎನ್ನುತ್ತ ಇಳಿಯಿತು.

"ಎಂತ ಮಾಡ್ದೆ ರಂಡೆ!" ರಾಜೀವಮ್ಮನ ಕೈಯ ಹಾಲು ಸೀರೆಯ ಮೇಲೆ ಚೆಲ್ಲಿತು. "ನಿನ್ನ ಡಾಕ್ಟ್ರಿಗೆ ಈಗ್ಲೇ ಫೋನ್ ಮಾಡ್ತೆ!"

"ಮಾಡಿ. ನನ್ ಕೈ ತಾಗಿದ್ದು ನಿಮ್ಗೆ ಬೇಡ್ವಲಾ? ಅದ್ಕೇ ನಿಮ್ ಮನೆ ಗುಂಡಿಗೇ ಕಳ್ಸಿದೆ."

ಹಿತ್ತಿಲ ನಲ್ಲಿಯಲ್ಲಿ ಮೊಣಕೈವರೆಗೆ ಕೈ ತೊಳೆದುಕೊಂಡು ತಿಮ್ಮಿ ಪಾಯಖಾನೆ ಗುಂಡಿಯ ಹತ್ತಿರ ಹೋದಳು. ಸಿಮೆಂಟಿನ ಮುಚ್ಚಳಕ್ಕೆ ಎರಡೂ ಕೈ ಕೊಟ್ಟು, ಅವುಡುಗಚ್ಚಿ ಎತ್ತಿ ನಿಲ್ಲಿಸಿದಳು. ನಾತ ಭಗ್ಗೆಂದು ಎದ್ದು ಮನೆಯೊಳಗೆಲ್ಲ ಹೊಕ್ಕಿತು. ಭಟ್ಟರು ಶಲ್ಯವನ್ನು ಮೂಗಿಗೆ ಒತ್ತಿಕೊಂಡು ಹಿಂದೆ ಹಿಂದೆ ಸರಿದರು.

"ಬನ್ನಿ ಭಟ್ರೇ, ಲಕ್ಷ್ಮಿ ಇಲ್ಲೇ ಅದೆ," ಎಂದು ಕರೆದಳು ತಿಮ್ಮಿ. "ಇಳೀರಿ. ಮುಚ್ಚಳ ನಾ ಹಿಡ್ಕಂತೆ."